ಕಟ್ಟಿಗೆಯೊಳಗಿನ ನೀರು

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಕಡೆ ಮಳೆಯನ್ನು ಯಾರೂ ಪೂರ್ತಿ ನಂಬುವುದಿಲ್ಲ. ಬಂದರೆ ಹೊಲಕ್ಕಾಯಿತು, ಬಾರದಿದ್ದರೆ ಜಾಲಿಗಾಯಿತು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಿ ತಿರುಗಿದರೂ, ತುಂಗಭದ್ರೆಯ ದಂಡೆಯ ಊರುಗಳನ್ನು ಬಿಟ್ಟರೆ, ಇದೇ ಕಥೆ. ಏಪ್ರಿಲ್ ಹೊತ್ತಿಗೆ ಕೆರೆಯಂಗಳ ಬಿರುಕು ಬಿಡುತ್ತದೆ, ಬೋರ್‌ವೆಲ್ಲು ಕೆಮ್ಮತೊಡಗುತ್ತದೆ. ಅಂಥ ದಿನ ನಿಂತ ಮರವೊಂದನ್ನು ಕಡಿದು ತೂಗಿ ನೋಡಿ. ಆ ತೂಕದಲ್ಲಿ ಮೂರರಲ್ಲೊಂದು ಪಾಲು, ಮೆದು ಮರವಾದರೆ ಅರ್ಧಕ್ಕೂ ಹೆಚ್ಚು, ಬರೀ ನೀರು. ಹತ್ತು ಕಿಲೊ ಹಸಿ ಕಟ್ಟಿಗೆ ಹೊತ್ತು ತಂದವರು ಅದರೊಳಗೆ ಮೂರರಿಂದ ಐದು ಲೀಟರ್ ನೀರನ್ನೂ ಹೊತ್ತು ತಂದಿರುತ್ತಾರೆ. ಆದರೆ ಕೊಡ ಕಾಣಿಸುವುದಿಲ್ಲ.

ಈ ನೀರು ಕಣ್ಣಿಗೆ ಬೀಳುವುದು ಒಲೆಯ ಬಾಯಲ್ಲಿ.

ಅಡುಗೆಮನೆಗೆ ಗ್ಯಾಸ್ ಬಂದು ವರ್ಷಗಳಾದರೂ ನಮ್ಮ ಕಡೆ ಬಹಳ ಮನೆಗಳಲ್ಲಿ ಬಚ್ಚಲ ಹಂಡೆಗೆ ಇನ್ನೂ ಕಟ್ಟಿಗೆಯೇ. ಜಾತ್ರೆ, ಮದುವೆ, ದೇವರ ಕಾರ್ಯದ ಅಡುಗೆಗೂ ಅದೇ. ಜೋಳದ ರೊಟ್ಟಿ ಗ್ಯಾಸಿನ ಮೇಲೂ ಬೇಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೂ ಹಂಚಿನಿಂದಿಳಿಸಿದ ರೊಟ್ಟಿಯನ್ನು ಕೆಂಡದ ಮಗ್ಗುಲಿಗೆ ನಿಲ್ಲಿಸಿ ಉಬ್ಬಿಸುವ ಕೆಲಸಕ್ಕೆ ಸಿಲಿಂಡರಿನಲ್ಲಿ ಜಾಗವಿಲ್ಲ. ಹೀಗಾಗಿ ಒಂದು ಕಟ್ಟಿಗೆ ಯಾಕೆ ಚೆನ್ನಾಗಿ ಉರಿಯುತ್ತದೆ, ಇನ್ನೊಂದು ಯಾಕೆ ಬರೀ ಹೊಗೆಯಾಡುತ್ತದೆ ಎನ್ನುವುದು ಇಲ್ಲಿ ಇನ್ನೂ ದಿನದ ಮಾತು. ಒಲೆ ಅದೇ, ಹಚ್ಚುವ ಕೈ ಅದೇ, ಕೆಲವೊಮ್ಮೆ ಮರವೂ ಅದೇ.

ಹಸಿ ಕೊರಡೊಂದನ್ನು ಒಲೆಗಿಟ್ಟಾಗ ಬೆಂಕಿಯಲ್ಲಿರುವ ತುದಿಯನ್ನು ಬಿಟ್ಟು ಹೊರಗಿರುವ ತುದಿಯನ್ನು ನೋಡುತ್ತ ಕೂತುಕೊಳ್ಳಬೇಕು. ಮೊದಲು ಕೊಯ್ದ ಮುಖದ ಬಣ್ಣ ಗಾಢವಾಗುತ್ತದೆ, ಅಂಚಿನ ಸುತ್ತ ಒದ್ದೆಯ ಉಂಗುರವೊಂದು ಮೂಡುತ್ತದೆ. ಆಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳು ಸಾಲಾಗಿ ಏಳುತ್ತವೆ. ಸೊಂಯ್ ಎನ್ನುವ ಸದ್ದು. ಗುಳ್ಳೆಗಳು ಸೇರಿ ಕಂದು ನೊರೆಯಾಗಿ, ನೊರೆ ಹನಿಯಾಗಿ, ಹನಿ ಬೂದಿಯ ಮೇಲೆ ಬಿದ್ದು ಸಣ್ಣ ಗುಣಿ ಮಾಡುತ್ತದೆ. ನಮ್ಮವ್ವ ಇದನ್ನು ನೋಡಿ, “ಇದು ಉರಿಯಂಗಿಲ್ಲ ತಗಿಯಪ, ಇನ್ನಾ ಅಳಾಕ ಹತ್ತೈತಿ” ಅನ್ನುತ್ತಿದ್ದಳು. ಅತ್ತು ಮುಗಿಯಲಿ ಎಂದು ಆ ಕೊರಡನ್ನು ಎಳೆದು ಒಲೆಯ ಮಗ್ಗುಲಿಗೆ ಒರಗಿಸಿಡುವುದು ಅವಳ ಪದ್ಧತಿ.

ನೊರೆ ತೊಗಟೆಯಿಂದ ಬರದೆ ಕೊಯ್ದ ತುದಿಯಿಂದಲೇ ಯಾಕೆ ಬರುತ್ತದೆ? ಮರದೊಳಗೆ ಉದ್ದಕ್ಕೂ ಕೂದಲೆಳೆಯಂಥ ಕೊಳವೆಗಳಿವೆ. ಬೇರಿನಿಂದ ಎಲೆಗೆ ನೀರು ಏರಿದ್ದು ಅವುಗಳಲ್ಲೇ. ಮರ ಬದುಕಿದ್ದಾಗ ಎಲೆಯ ಮೇಲಿನ ಬಿಸಿಲು ಅದೇ ಕೊಳವೆಯ ನೀರನ್ನು ಆವಿ ಮಾಡಿ ಎಳೆಯುತ್ತಿತ್ತು. ಈಗ ಒಲೆಯ ಬೆಂಕಿ ಅದನ್ನೇ ಆವಿ ಮಾಡಿ ತಳ್ಳುತ್ತಿದೆ. ದಾರಿ ಬದಲಾಗಿಲ್ಲ. ಮರ ಅರ್ಧಕ್ಕೆ ಬಿಟ್ಟ ಕೆಲಸವನ್ನು ಬೆಂಕಿ ಮುಗಿಸಿಕೊಡಬೇಕು, ಆಮೇಲೆ ತನ್ನ ಕೆಲಸ ಶುರು ಮಾಡಬೇಕು.

ಇಲ್ಲೊಂದು ಸಣ್ಣ ಲೆಕ್ಕ ಹಾಕಿದರೆ ಸೋಜಿಗ ಹೆಚ್ಚಾಗುತ್ತದೆ. ಪೂರ್ತಿ ಒಣಗಿದ ಒಂದು ಕಿಲೊ ಕಟ್ಟಿಗೆಯಲ್ಲಿ ಸುಮಾರು 4,500 ಕಿಲೊಕ್ಯಾಲರಿ ಶಾಖವಿದೆ. ಅರ್ಧಕ್ಕರ್ಧ ನೀರಿರುವ ಒಂದು ಕಿಲೊ ಹಸಿ ಕಟ್ಟಿಗೆಯಲ್ಲಿ ನಿಜವಾದ ಕಟ್ಟಿಗೆ ಅರ್ಧ ಕಿಲೊ, ಅಂದರೆ 2,250 ಕಿಲೊಕ್ಯಾಲರಿ. ಉಳಿದ ಅರ್ಧ ಕಿಲೊ ನೀರನ್ನು ಕಾಯಿಸಿ ಆವಿ ಮಾಡಲು ಬೇಕಾಗುವುದು ಸುಮಾರು 300 ಕಿಲೊಕ್ಯಾಲರಿ. ಏಳರಲ್ಲೊಂದು ಪಾಲೂ ಪೂರ್ತಿ ಅಲ್ಲ. ಲೆಕ್ಕದ ಪ್ರಕಾರ ಹಸಿ ಕಟ್ಟಿಗೆ ಸ್ವಲ್ಪ ತೆರಿಗೆ ಕಟ್ಟಿ ಉಳಿದದ್ದನ್ನು ಹಂಡೆಗೆ ಕೊಡಬೇಕಿತ್ತು. ಕೊಡುವುದಿಲ್ಲ. ಕಣ್ಣೀರು ತರಿಸುತ್ತದೆ, ಹಂಡೆಗೆ ಮಸಿ ಬಳಿಯುತ್ತದೆ, ಊದಿ ಊದಿ ಸುಸ್ತಾದಾಗ ಆರಿಹೋಗುತ್ತದೆ. ಹಾಗಾದರೆ ಆ 1,950 ಎಲ್ಲಿ ಹೋಯಿತು?

ನೀರು ಕದಿಯುವ ಶಾಖ ದೊಡ್ಡದಲ್ಲ. ಅದು ಕಟ್ಟಿಗೆಯನ್ನು ಬಿಸಿಯಾಗಲು ಬಿಡದಿರುವುದೇ ತೊಂದರೆ. ನೀರಿರುವವರೆಗೆ ಕಟ್ಟಿಗೆಯ ಆ ಭಾಗ ನೂರು ಡಿಗ್ರಿ ದಾಟುವುದಿಲ್ಲ. ಕಟ್ಟಿಗೆ ಒಡೆದು ಅನಿಲ ಬಿಡಲು ಇನ್ನೂರು ಇನ್ನೂರೈವತ್ತು ಡಿಗ್ರಿಯಾದರೂ ಬೇಕು. ಆ ಅನಿಲ ಜ್ವಾಲೆಯಾಗಿ ಪೂರ್ತಿ ಉರಿಯಲು ಐನೂರು ಆರುನೂರರ ಬಿಸಿ ಬೇಕು. ಹಸಿ ಕೊರಡಿನ ಹೊರಮೈ ಕೆಂಡವಾಗಿರುವಾಗ ಬೆರಳಿನಷ್ಟು ಒಳಗೆ ನೀರು ಕುದಿಯುತ್ತಿರುತ್ತದೆ. ಹೊರಮೈ ಬಿಟ್ಟ ಅನಿಲದೊಳಕ್ಕೆ ಒಳಗಿನ ಆವಿ ಬೆರೆತು ಅದನ್ನು ತಣ್ಣಗೆ ಮಾಡುತ್ತದೆ. ತಣ್ಣಗಾದ ಅನಿಲ ಉರಿಯದೆಯೇ ಮೇಲೇರಿ ಬೆಳಕಿಂಡಿಯಿಂದ ಆಚೆ ಹೋಗುತ್ತದೆ. ಆ 1,950ರಲ್ಲಿ ದೊಡ್ಡ ಪಾಲು ಹೋದದ್ದು ಹಾಗೆ. ಒಣ ಕಟ್ಟಿಗೆಯ ತೂಕದಲ್ಲಿ ಮುಕ್ಕಾಲು ಪಾಲು, ಅಥವಾ ಅದಕ್ಕೂ ತುಸು ಹೆಚ್ಚು, ಹೀಗೆ ಅನಿಲವಾಗಿಯೇ ಹೊರಡುವಂಥದ್ದು. ನಾವು ಕಟ್ಟಿಗೆ ಉರಿಯುತ್ತಿದೆ ಅನ್ನುತ್ತೇವೆ. ಹಳದಿ ಜ್ವಾಲೆಯಲ್ಲಿ ಉರಿಯುವುದು ಕಟ್ಟಿಗೆ ಬಿಟ್ಟ ಉಸಿರು ಮಾತ್ರ. ಕಟ್ಟಿಗೆಯೇ ಉರಿಯುವುದು ಕೊನೆಗೆ, ಕೆಂಡವಾದಾಗ.

ಜ್ವಾಲೆಯಲ್ಲಿ ಉರಿಯುವುದು ಅನಿಲವೇ ಎನ್ನುವುದನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ 1860-61ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳ ಮುಂದೆ ಮೇಣದಬತ್ತಿಯೊಂದನ್ನು ಹಚ್ಚಿ ತೋರಿಸಿದ. ಬತ್ತಿ ಆರಿಸಿದಾಗ ಏಳುವ ಹೊಗೆಗೆ, ಬತ್ತಿಯಿಂದ ದೂರದಲ್ಲೇ, ಕಡ್ಡಿ ಗೀರಿ ಹಿಡಿದರೆ ಬೆಂಕಿ ಹೊಗೆಯ ಎಳೆ ಹಿಡಿದು ಕೆಳಗಿಳಿದು ಬತ್ತಿಯನ್ನು ಹೊತ್ತಿಸುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಫ್ಯಾರಡೆ ಬೇಕಿಲ್ಲ. ಒಲೆ ತುಂಬ ಹೊಗೆ ಕಟ್ಟಿಕೊಂಡಿದ್ದಾಗ ಊದುಗೊಳವೆಯಿಂದ ಒಂದೇ ಸಲ ಬಲವಾಗಿ ಊದಿದರೆ ಭಗ್ ಎಂದು ಉರಿ ಹಾರಿ ಹುಬ್ಬು ಸುಡುತ್ತದಲ್ಲ, ಅದೂ ಅದೇ. ಅಷ್ಟು ಹೊತ್ತು ಕಣ್ಣು ಉರಿಸಿದ ಹೊಗೆ ಮರುಕ್ಷಣ ಬೆಳಕಾಗಿರುತ್ತದೆ.

ಜಾಲಿ ಕಡಿದು ಇದ್ದಿಲು ಸುಡುವವರು ಈ ಹೊಗೆಯನ್ನು ಓದಬಲ್ಲರು. ಕಟ್ಟಿಗೆ ಒಟ್ಟಿ, ಮೇಲೆ ಹುಲ್ಲು-ಸೊಪ್ಪು ಹಾಸಿ, ಮಣ್ಣು ಮೆತ್ತಿ, ಗಾಳಿಗೆ ಸಣ್ಣ ಕಿಂಡಿ ಬಿಟ್ಟು ಬೆಂಕಿ ಕೊಟ್ಟ ಮೇಲೆ ಕಾಯುವುದಷ್ಟೇ ಕೆಲಸ. ಮೊದಲು ಏಳುವುದು ದಟ್ಟ ಬಿಳಿ ಹೊಗೆ. ಅದರಲ್ಲಿ ಹೆಚ್ಚಿನದು ನೀರಿನ ಆವಿ. ಆಮೇಲೆ ಕಣ್ಣು ಕುಕ್ಕುವ ಹಳದಿ ಹೊಗೆ, ಕಟ್ಟಿಗೆ ಒಡೆಯುತ್ತಿದೆ. ಕೊನೆಗೆ ತೆಳ್ಳನೆಯ ನೀಲಿ. ನೀಲಿ ಕಂಡ ಕೂಡಲೇ ಕಿಂಡಿ ಮುಚ್ಚದಿದ್ದರೆ ಇದ್ದಿಲು ಬೂದಿಯಾಗುತ್ತದೆ. ಒಲೆಯಲ್ಲಿ ಒಂದರ ಮೇಲೊಂದು ಬಿದ್ದು ಗಡಿಬಿಡಿಯಲ್ಲಿ ನಡೆಯುವುದನ್ನು ಅವರ ದಿಬ್ಬ ಒಂದೊಂದಾಗಿ ಬಿಡಿಸಿ ತೋರಿಸುತ್ತದೆ.

ಇನ್ನು ಮರದ ಜಾತಿ. ಉರಿಯದ ಕಟ್ಟಿಗೆಗೆಲ್ಲ ಜಾತಿಯ ಮೇಲೆ ತಪ್ಪು ಹೊರಿಸುವವರುಂಟು. ನುಗ್ಗೆ, ಹಾಲವಾಣ ನಿಷ್ಪ್ರಯೋಜಕ. ಜಾಲಿ, ಹುಣಸೆ, ಕಮರ ಶ್ರೇಷ್ಠ. ಅನುಭವದಲ್ಲಿ ಸರಿ, ಆದರೆ ಕಾರಣ ಬೇರೆ ಇದೆ. ಪೂರ್ತಿ ಒಣಗಿಸಿ ತೂಗಿ ಸುಟ್ಟರೆ ನುಗ್ಗೆಯೂ ಜಾಲಿಯೂ ತೂಕಕ್ಕೆ ತೂಕ ಹೆಚ್ಚುಕಡಿಮೆ ಒಂದೇ ಶಾಖ ಕೊಡುತ್ತವೆ. ಎಲ್ಲ ಮರದ ಜೀವಕೋಶದ ಗೋಡೆಯೂ ಬಹುಪಾಲು ಒಂದೇ ಸಾಮಗ್ರಿಯಿಂದ ಕಟ್ಟಿದ್ದು. ಆ ಗೋಡೆಯಷ್ಟನ್ನೇ ತೆಗೆದುಕೊಂಡರೆ ಅದು ನೀರಿಗಿಂತ ಒಂದೂವರೆ ಪಟ್ಟು ಭಾರ. ಮರ ಮರಕ್ಕೂ ವ್ಯತ್ಯಾಸ ಇರುವುದು ನಡುವಿನ ಖಾಲಿ ಜಾಗದಲ್ಲಿ. ನುಗ್ಗೆಯಲ್ಲಿ ಖಾಲಿ ಜಾಗವೇ ಹೆಚ್ಚು, ಹಸಿಯಿದ್ದಾಗ ಅದರ ತುಂಬ ನೀರು. ಒಣಗಿದ ಮೇಲೆ ಅಲ್ಲೆಲ್ಲ ಗಾಳಿ. ಹಚ್ಚಿದರೆ ಕಾಗದದ ಹಾಗೆ ಉರಿದು ಕೆಂಡವನ್ನೂ ಬಿಡದೆ ಮುಗಿಯುತ್ತದೆ. ಕಮರದಲ್ಲಿ ಖಾಲಿ ಎನ್ನುವುದೇ ಕಡಿಮೆ. ನೀರಿಗೆ ಹಾಕಿದರೆ ಮುಳುಗುತ್ತದೆ, ಕೊಡಲಿಯ ಬಾಯಿ ಮುರಿಯುತ್ತದೆ. ಅದರಲ್ಲಿ ನೀರು ಹಿಡಿಯಲು ಜಾಗವೂ ಇಲ್ಲ, ಬೆಂಕಿ ಬೇಗ ಹೊಗಲು ದಾರಿಯೂ ಇಲ್ಲ. ಹೊತ್ತುವವರೆಗೆ ತಾಳ್ಮೆ ಬೇಕು. ಹೊತ್ತಿದ ಮೇಲೆ ರಾತ್ರಿಯ ಕೆಂಡ ಬೆಳಿಗ್ಗೆ ಬೂದಿ ಕೆದಕಿದರೆ ಸಿಗುತ್ತದೆ.

ಬಳ್ಳಾರಿ ಜಾಲಿ ಅರೆಹಸಿಯಿದ್ದಾಗಲೂ ಉರಿಯುವ ಗುಟ್ಟು ಇದೇ. ಗಟ್ಟಿ ಮರ, ನೀರಿಗೆ ಕಡಿಮೆ ಜಾಗ. ಈ ಮರ ನಮ್ಮದಲ್ಲ. ಅಮೆರಿಕ ಖಂಡದ ಇದರ ಬೀಜವನ್ನು ಜಮೈಕಾದಿಂದ ತರಿಸಿ 1877ರಲ್ಲಿ ಕಡಪ ಸೀಮೆಯಲ್ಲಿ ಬಿತ್ತಿದರು. ಆಗ ಕಡಪವೂ ಬಳ್ಳಾರಿಯೂ ಮದರಾಸು ಪ್ರಾಂತ್ಯದವು. ಧಾತು-ಈಶ್ವರ ಸಂವತ್ಸರಗಳ ಭೀಕರ ಬರ ಈ ಸೀಮೆಯನ್ನು ಹಿಂಡುತ್ತಿದ್ದ ಕಾಲ ಅದು. ಒಣನೆಲ ಹಸಿರಾಗಲಿ, ಉರುವಲಿಗೂ ಆಗಲಿ ಎಂದು ತಂದ ಗಿಡ ಈಗ ಗೋಮಾಳ, ಹಳ್ಳದ ದಂಡೆ, ಕೆರೆಯಂಗಳ ಎಲ್ಲವನ್ನೂ ನುಂಗಿದೆ. ಅದನ್ನು ಬೈಯುವುದಕ್ಕೆ ನೂರು ಕಾರಣಗಳಿವೆ, ನಾನೂ ಬೈದಿದ್ದೇನೆ. ಅದರ ಮುಳ್ಳು ಮೆಟ್ಟಿದವರಾರೂ ಸುಮ್ಮನಿರಲಾರರು. ಆದರೂ ಬೇರೆ ಮರವನ್ನೆಲ್ಲ ಕಡಿದು ಮುಗಿಸಿದ ಊರುಗಳಲ್ಲಿ ಬಡವರ ಒಲೆ ಆರದಂತೆ ನೋಡಿಕೊಂಡದ್ದು ಇದೇ ಜಾಲಿ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಇನ್ನೊಂದು ಬಗೆಯ ಜಾಲಿಯನ್ನು ನೋಡಬಹುದು. ಅದು ಕರಿಜಾಲಿ, ನಮ್ಮದೇ ಮರ. ಕೆರೆ ತುಂಬಿದಾಗ ಮರಗಳು ನೀರಿನಲ್ಲೇ ನಿಂತಿರುತ್ತವೆ, ಕೊಂಬೆಗಳ ತುಂಬ ಕೊಕ್ಕರೆ, ನೀರುಕಾಗೆಗಳ ಗೂಡು. ಪಕ್ಷಿಧಾಮವಾಗಿರುವ ಈ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅದೇ ಕರಿಜಾಲಿ ಕೊಟ್ಟೂರು ಕಡೆಯ ಒಣಬದುವಿನ ಮೇಲೂ ಇದೆ. ನೀರಲ್ಲಿ ನಿಂತ ಮರದ ತುಂಡೊಂದನ್ನು, ಬದುವಿನ ಮರದ ತುಂಡೊಂದನ್ನು ಸೀಳಿ (ಅಂಕಸಮುದ್ರದಲ್ಲಿ ಕೊಡಲಿ ಎತ್ತುವಂತಿಲ್ಲ, ಮಾತಿಗೆ ಹೇಳಿದೆ) ಒಂದೇ ಚಪ್ಪರದ ಕೆಳಗೆ ಒಂದು ಬೇಸಿಗೆ ಇಟ್ಟರೆ, ಕೊನೆಗೆ ಎರಡರಲ್ಲೂ ಉಳಿಯುವ ನೀರು ಒಂದೇ ಸಮ. ನೂರಕ್ಕೆ ಹತ್ತು, ಹೆಚ್ಚೆಂದರೆ ಹದಿನೈದು ಪಾಲು. ಕಟ್ಟಿಗೆ ಎಲ್ಲಿ ಬೆಳೆಯಿತು ಎನ್ನುವುದನ್ನು ಮರೆತುಬಿಡುತ್ತದೆ. ಒಣಗಿದ ಜಾಗದ ಗಾಳಿ ಎಷ್ಟು ಒಣಗಿದೆಯೋ ಅಷ್ಟೇ ಅದರ ಲೆಕ್ಕ. ಮಳೆಗಾಲದ ತೇವದ ಗಾಳಿಯಲ್ಲಿ ಸ್ವಲ್ಪ ನೀರನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸತ್ತು ಎಷ್ಟೋ ವರ್ಷವಾದ ಮರದ ತೊಲೆ, ಬಾಗಿಲು, ಈಳಿಗೆಮಣೆ ಎಲ್ಲವೂ ಹೀಗೆ ವರ್ಷಕ್ಕೊಮ್ಮೆ ತುಸು ಉಬ್ಬಿ ತುಸು ಕುಗ್ಗುತ್ತಿವೆ. ಶ್ರಾವಣದಲ್ಲಿ ಬಾಗಿಲು ಬಿಗಿಯುವುದು ಅದಕ್ಕೇ.

ಮಳೆಗೆ ನೆಂದ ಕಟ್ಟಿಗೆಯನ್ನೂ ಹಸಿ ಕಟ್ಟಿಗೆಯನ್ನೂ ಒಂದೇ ಎಂದುಕೊಳ್ಳಬಾರದು. ನೆಂದದ್ದು ಎರಡು ದಿನ ಬಿಸಿಲು ಬಿದ್ದರೆ ಸರಿಹೋಗುತ್ತದೆ, ನೀರು ಮೈಮೇಲಿದೆ. ಹಸಿಯದರ ನೀರು ಕೊಳವೆಗಳಲ್ಲೂ ಜೀವಕೋಶದ ಗೋಡೆಯೊಳಗೂ ಸೇರಿಕೊಂಡಿದೆ, ಹೊರಬರಲು ತಿಂಗಳುಗಳು ಬೇಕು. ಬರುವುದೂ ಮುಖ್ಯವಾಗಿ ಕೊಯ್ದ ತುದಿಗಳಿಂದ. ತೊಗಟೆ ಸುತ್ತಿದ ಉದ್ದ ದಿಮ್ಮಿ ಎರಡು ಬೇಸಿಗೆ ಕಂಡರೂ ಹೊಟ್ಟೆಯೊಳಗೆ ಹಸಿಯಾಗಿಯೇ ಇರಬಹುದು. ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಗೊತ್ತಾಗುತ್ತದೆ: ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ. ಹಾಗೆಂದು ತೀರ ಹಳೆಯದೂ ಆಗದು. ಲಡ್ಡು ಹಿಡಿದ ಕೊರಡನ್ನು ಒಲೆಗಿಟ್ಟರೆ ಮಿಣಮಿಣ ಎನ್ನುತ್ತದೆಯೇ ಹೊರತು ಉರಿ ಏಳುವುದಿಲ್ಲ. ಅದರಲ್ಲಿದ್ದ ಬೆಂಕಿಯನ್ನು ಬೂಷ್ಟು, ಅಣಬೆಗಳು ಆಗಲೇ ತಿಂದಿರುತ್ತವೆ. ಒಲೆ ಮಾಡುವುದನ್ನೇ ಅವೂ ಮಾಡುವುದು. ಕಟ್ಟಿಗೆಯನ್ನು ಗಾಳಿಯೊಂದಿಗೆ ಸೇರಿಸಿ ಇಂಗಾಲದ ಡೈಆಕ್ಸೈಡ್, ನೀರು, ಶಾಖ ಮಾಡುತ್ತವೆ. ಆದರೆ ವರ್ಷಗಟ್ಟಲೆ ನಿಧಾನ, ಬೆಳಕಿಲ್ಲ. ಹಿತ್ತಲಲ್ಲಿ ಕೊಳೆಯುತ್ತ ಬಿದ್ದ ದಿಮ್ಮಿಯೂ ಒಂದು ಲೆಕ್ಕದಲ್ಲಿ ಉರಿಯುತ್ತಿರುವುದೇ.

ಒಣ ಕಟ್ಟಿಗೆಯೂ ಒಂಟಿಯಾಗಿ ಉರಿಯದು. ಧಗಧಗ ಉರಿಯುವ ಒಲೆಯಿಂದ ಒಂದು ಕೊಳ್ಳಿ ಎಳೆದು ಬಯಲಲ್ಲಿಟ್ಟರೆ ಸ್ವಲ್ಪ ಹೊತ್ತಿಗೆ ಆರುತ್ತದೆ. ಮತ್ತೆರಡು ಕೊಳ್ಳಿ ಎದುರುಬದುರು ಇಟ್ಟರೆ ಮೂರೂ ಹೊತ್ತಿಕೊಳ್ಳುತ್ತವೆ. ಒಂದರ ಮೈಯ ಶಾಖ ಇನ್ನೊಂದರ ಮೈಗೆ ಬಿದ್ದು ಅಲ್ಲಿಂದ ಮರಳಬೇಕು, ನಡುವೆ ಗಾಳಿಯೂ ಓಡಬೇಕು. ಹಾಗೆಂದು ಒಲೆಯ ಬಾಯಿಗೆ ಕಟ್ಟಿಗೆ ತುರುಕಿದರೆ ಗಾಳಿ ಕಟ್ಟಿ ಮತ್ತೆ ಹೊಗೆ. ನಮ್ಮ ಕಡೆ ಒಲೆ ಹಚ್ಚುವವರ ಕೈಚಳಕವೆಲ್ಲ ಇರುವುದು ಈ ಸಂದಿಯಲ್ಲಿ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಕೆಳಗೆ, ಮೇಲೆ ಜಾಲಿ ಸೀಳು, ಬದಿಗೊಂದು ಕುಳ್ಳು.

ಈ ಹೊಗೆಯನ್ನು ಹೊಗಳಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಜ್ಜಿಯ ಒಲೆ, ಹೊಗೆಯ ಘಮ ಎಂದೆಲ್ಲ ಬರೆದವರಲ್ಲಿ ಊದುಗೊಳವೆ ಹಿಡಿದವರು ಕಡಿಮೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು 1974ರಲ್ಲಿ ಶುರು ಮಾಡಿದ ‘ಅಸ್ತ್ರ’ ಕೇಂದ್ರ ಈ ಒಲೆಯನ್ನೇ ಹಿಡಿದು ಕೂತು ‘ಅಸ್ತ್ರ ಒಲೆ’ ರೂಪಿಸಿತು. ಕೆಳಗೆ ಜಾಲರಿ, ಅದರ ಕೆಳಗಿನಿಂದ ಗಾಳಿ, ಹೊಗೆಗೆ ಕೊಳವೆ, ಸಾಲಾಗಿ ಪಾತ್ರೆ. ದೊಡ್ಡ ವಿದ್ವಾಂಸರು ಹಳ್ಳಿಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತದ್ದು ಕರ್ನಾಟಕದ ವಿಜ್ಞಾನ ಚರಿತ್ರೆಯ ಚೆಂದದ ಅಧ್ಯಾಯ. ಆದರೆ ಎಂಥ ಒಲೆಯಾದರೂ ಕಟ್ಟಿಗೆಯೊಳಗಿನ ನೀರನ್ನು ಹೊರಗೆ ಹಾಕಿಕೊಡಲಾರದು. ಅದನ್ನು ಬಿಸಿಲೇ ಮಾಡಬೇಕು.

ಬನ್ನಿ ಮರದ ಹೊಟ್ಟೆಯಲ್ಲಿ ಅಗ್ನಿ ಅಡಗಿದ್ದಾನೆ ಎನ್ನುವ ಮಾತು ಬಹಳ ಹಳೆಯದು. ಯಜ್ಞದ ಬೆಂಕಿ ಕಡೆಯುವ ಅರಣಿಗೆ ಬನ್ನಿಯ ಮೇಲೆ ಬೆಳೆದ ಅರಳಿಯನ್ನು ಹುಡುಕುತ್ತಿದ್ದರು. ಬನ್ನಿ, ಅರಳಿಗಳನ್ನು ಒಲೆಗೆ ಹಾಕದ ಮನೆಗಳು ಇಂದಿಗೂ ಇವೆ. ಬೆಂಕಿ ಅಡಗಿರುವ ಮಾತನ್ನು ನಾನು ಒಪ್ಪುತ್ತೇನೆ, ಎಲ್ಲ ಮರಕ್ಕೂ. ಆದರೆ ಜೊತೆಗೆ ನೀರೂ ಅಡಗಿದೆ. ಒಣಗಿಸಿ ತೆಗೆಯುವ ನೀರಿನ ಮಾತಲ್ಲ ಇದು. ಇಂದಿನ ಬೆಲ್ಜಿಯಂ ನಾಡಿನ ವಾನ್ ಹೆಲ್ಮಾಂಟ್ ಎಂಬಾತ ಐದು ಪೌಂಡಿನ ಗಿಡವನ್ನು ತೂಗಿದ ಮಣ್ಣಿನಲ್ಲಿ ನೆಟ್ಟು, ಐದು ವರ್ಷ ಬರೀ ನೀರೆರೆದು ಬೆಳೆಸಿ ಮತ್ತೆ ತೂಗಿದ. ಮರ 169 ಪೌಂಡ್ ಆಗಿತ್ತು, ಮಣ್ಣು ಕಳೆದುಕೊಂಡದ್ದು ಎರಡೇ ಔನ್ಸ್. ಆತ ಸತ್ತ ಮೇಲೆ, 1648ರಲ್ಲಿ, ಇದು ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಆತ ತೀರ್ಮಾನಿಸಿದ್ದ. ಅರ್ಧ ಸರಿ, ಉಳಿದರ್ಧ ಗಾಳಿ ಎನ್ನುವುದು ಆತನಿಗೆ ಹೊಳೆಯಲಿಲ್ಲ. ಎಲೆ ನೀರನ್ನು ಒಡೆದು, ಅದರ ಜಲಜನಕವನ್ನು ಗಾಳಿಯ ಇಂಗಾಲಕ್ಕೆ ಹೆಣೆದು ಕಟ್ಟಿಗೆ ಮಾಡುತ್ತದೆ. ಉರಿಯುವಾಗ ಆ ಹೆಣಿಗೆ ಬಿಚ್ಚುತ್ತದೆ. ತೇವದ ಸುಳಿವೇ ಇಲ್ಲದಂತೆ ಒಣಗಿಸಿದ ಒಂದು ಕಿಲೊ ಕಟ್ಟಿಗೆ ಉರಿದಾಗ ಅರ್ಧ ಕಿಲೊಗಿಂತ ಹೆಚ್ಚು ನೀರು ಹೊಸದಾಗಿ ಹುಟ್ಟಿ ಆವಿಯಾಗಿ ಹೋಗುತ್ತದೆ. ಮಣ್ಣಿನಿಂದ ಪಡೆದದ್ದು ಬೂದಿಯಾಗಿ ಉಳಿಯುತ್ತದೆ, ಒಂದು ಹಿಡಿ.

ಎಂದೋ ಬಿದ್ದ ಮಳೆ ಜಾಲಿಯೊಳಗೆ ಕಟ್ಟಿಗೆಯಾಗಿ ಕೂತು, ಬರಗಾಲದ ಬೇಸಿಗೆಯಲ್ಲಿ ಒಲೆಯ ಜ್ವಾಲೆಯಿಂದ ನೀರಾಗಿ ಹೊರಡುವುದನ್ನು ನಂಬಲಾಗದಿದ್ದರೆ ಪರೀಕ್ಷೆ ಸುಲಭ. ಚೆನ್ನಾಗಿ ಒಣಗಿದ ಕಟ್ಟಿಗೆಯ ಉರಿ ಎಬ್ಬಿಸಿ, ಮಸಿಯಿಲ್ಲದಂತೆ ಉಜ್ಜಿದ ಪಾತ್ರೆಗೆ ತಣ್ಣೀರು ತುಂಬಿ ಒಲೆಯ ಮೇಲಿಡಿ. ಒಂದೆರಡು ಕ್ಷಣಕ್ಕೇ ಎತ್ತಿ ತಳ ನೋಡಿ, ಬೆವರಿರುತ್ತದೆ. ಪಾತ್ರೆ ಸೋರುತ್ತಿಲ್ಲ. ಎತ್ತುವುದು ತಡವಾದರೆ ಬಿಸಿಗೆ ಅದು ಆರಿಹೋಗುತ್ತದೆ, ಆಮೇಲೆ ನನ್ನನ್ನು ದೂರಬೇಡಿ.